ಬೇರೆಯವರ ಫೋನಿನಲ್ಲಿದ್ದ ನಮ್ಮ ಕಾರು

ಹಾರೂಗೇರಿಯಿಂದ ಅಥಣಿಯ ಕಾಲೇಜಿಗೆ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಓಡಾಡಿ ನನಗೆ ಸಾಕಾಗಿತ್ತು. ಹಾಗಾಗಿ ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡೆವು. ಮಾರಿಸಿಕೊಟ್ಟ ಏಜೆಂಟ್ ಅದರ ಗುಣಗಾನ ಮಾಡಿದ್ದೇ ಮಾಡಿದ್ದು: "ಮೇಡಂ, ಇದು ಅರ್ಧ ತಾನ ಓಡತೈತ್ರಿ. ಮುಂದ ಏನರ ಬಂದ್ರ ತಾನ ಬ್ರೇಕ್ ಹಾಕತೈತಿ, ಬಿಳಿ ಪಟ್ಟಿ ಬಿಟ್ಟು ಹೊಂಟ್ರ ತಾನ ಸ್ಟೇರಿಂಗ್ ತಿರುವತೈತಿ. ನೀವು ಸುಮ್ನ ಕುಂಡ್ರೂದ್ರಿ."

ಸುಮ್ಮನೆ ಕೂರುವ ಭಾಗ್ಯ ಒಂದು ದಿನವೂ ಸಿಗಲಿಲ್ಲ. ನಮ್ಮ ರಸ್ತೆಯಲ್ಲಿ ಬಿಳಿ ಪಟ್ಟಿ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಅಳಿಸಿಹೋಗಿದೆ. ಪಟ್ಟಿ ಕಂಡಾಗಲೆಲ್ಲ ಕಾರು ನನ್ನ ಕೈಯಿಂದ ಸ್ಟೇರಿಂಗ್ ಕಿತ್ತುಕೊಳ್ಳಲು ನೋಡುತ್ತಿತ್ತು. ಕಬ್ಬಿನ ಹಂಗಾಮು ಶುರುವಾದ ಮೇಲಂತೂ ಕೇಳಲೇಬೇಡಿ. ಟ್ರ್ಯಾಕ್ಟರ್ ದಾಟಲು ಹೋದರೆ ಟ್ರೇಲರಿನಿಂದ ಹೊರಚಾಚಿದ ಕಬ್ಬು ಕಂಡು ಗಕ್ಕನೆ ನಿಲ್ಲುತ್ತಿತ್ತು. ಒಮ್ಮೆ ಹಿಂದೆ ಬೈಕಿನಲ್ಲಿ ಬರುತ್ತಿದ್ದ ಹಾಲಿನವನು ಬಂಪರಿಗೆ ಗುದ್ದಿ, ಕ್ಯಾನಿನ ಹಾಲೆಲ್ಲ ರಸ್ತೆಗೆ ಚೆಲ್ಲಿತು.

"ನಡು ರಸ್ತೆದಾಗ ಯಾಕ ನಿಂದರ್ಸಿದ್ರಿ ಅಕ್ಕಾರ?"

"ನಾ ನಿಂದರ್ಸಿಲ್ಲಪಾ, ಕಾರ ನಿಂತೈತಿ."

ತಲೆ ಕೆಟ್ಟವಳನ್ನು ನೋಡುವಂತೆ ಅವನು ನನ್ನನ್ನು ನೋಡಿದ.

ಅದನ್ನೂ ಸಹಿಸಿಕೊಂಡೆ. ಆದರೆ ನಿಲ್ಲಿಸಿಟ್ಟ ಕಾರು ತಾನಾಗಿಯೇ ಹಾರ್ನ್ ಹೊಡೆಯತೊಡಗಿತು. ಕಾಲೇಜಿನಲ್ಲಿ ಪರೀಕ್ಷೆ ನಡೆದಿದ್ದಾಗ ಆವರಣದಲ್ಲಿ ದೀಪ ಮಿಣುಕಿಸುತ್ತ ಕೂಗಿಕೊಂಡಿತು. ಪ್ರಿನ್ಸಿಪಾಲರು ಕಿಟಕಿಯಿಂದ ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ಮನೆಗೆ ಬಂದು ಹೇಳಿದರೆ ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಇಲಿ ವಾಯರ್ ಕಡದಿರಬೇಕ ತಗೋ" ಎಂದರು.

ಒಂದು ಮಧ್ಯಾಹ್ನ ಅತ್ತೆಯವರನ್ನು ಚಿಕ್ಕೋಡಿಗೆ ಕರೆದೊಯ್ದಿದ್ದೆ. ಅವರ ಕಣ್ಣಿನ ಆಪರೇಷನ್ ಆಗಿ ಎರಡು ದಿನವಾಗಿತ್ತು, ಒಂದು ಕಣ್ಣಿಗೆ ಪಟ್ಟಿ, ಇನ್ನೊಂದೂ ಮಂಜು. ಡಾಕ್ಟರಿಗೆ ತೋರಿಸಿ, ಅವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಧೂಳು ಬೇಡವೆಂದು ಗಾಜು ಏರಿಸಿ, ಪಕ್ಕದ ಅಂಗಡಿಗೆ ಕಣ್ಣಿನ ಔಷಧ ತರಲು ಹೋದೆ. ಚಾವಿ ಮುಂದಿನ ಸೀಟಿನ ಮೇಲಿನ ಪರ್ಸಿನಲ್ಲೇ ಇತ್ತು. ಎರಡು ನಿಮಿಷದ ಕೆಲಸ ತಾನೇ. ವಾಪಸು ಬರುವಷ್ಟರಲ್ಲಿ ನಾಲ್ಕೂ ಬಾಗಿಲು ಲಾಕ್ ಆಗಿದ್ದವು.

"ಅತ್ತಿ, ಒಳಗಿಂದ ಹಿಡಕಿ ಜಗ್ರಿ!" ಎಂದು ಕೂಗಿದೆ. ಅವರು ಮಂಜುಗಣ್ಣಿನಲ್ಲಿ ತಡಕಾಡಿ ಎದುರಿನ ಸೀಟು ಜಗ್ಗಿದರು, ಬೆಲ್ಟು ಜಗ್ಗಿದರು. ಹಿಡಿಕೆ ಸಿಗಲಿಲ್ಲ. ಮಟಮಟ ಮಧ್ಯಾಹ್ನದ ಬಿಸಿಲು. ಅವರ ಹಣೆಯ ಮೇಲೆ ಬೆವರು ಇಳಿಯುವುದು ಹೊರಗಿನಿಂದ ಕಾಣುತ್ತಿತ್ತು. ಜನ ಸೇರಿದರು. ಒಬ್ಬ ಸ್ಕೇಲು ತುರುಕಿ ನೋಡಿದ, ಮತ್ತೊಬ್ಬ ವಿಡಿಯೋ ತೆಗೆದ. ಕೊನೆಗೆ ಎಳನೀರು ಮಾರುತ್ತಿದ್ದ ಹೆಂಗಸು, "ನೋಡಕೋತ ಏನ ನಿಂತೀರಿ, ಮುದುಕಿ ಬೇಯಾಕತ್ತಾಳ" ಎಂದು ಗದರಿ, ಕಲ್ಲು ತಂದು ಮುಂದಿನ ಬಾಗಿಲಿನ ಗಾಜು ಒಡೆದಳು. ಗಾಜು ಉದುರಿದ ಮರುಕ್ಷಣ ಕಾರು ದೀಪ ಮಿಣುಕಿಸಿತು. ನಾಲ್ಕೂ ಬಾಗಿಲಿನ ಲಾಕ್ ಟಕ್ಕೆಂದು ತೆರೆದುಕೊಂಡವು. ಯಾರೂ ಮುಟ್ಟಿರಲಿಲ್ಲ. ನಾನು ಬಾಗಿಲು ತೆಗೆದು ಅತ್ತೆಯವರನ್ನು ಹೊರಗೆ ಇಳಿಸಿಕೊಂಡೆ.

ಮರುದಿನ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಹುಡುಗಿಯೊಬ್ಬಳು ಸಿಕ್ಕಳು.

"ಮೇಡಂ, ನಿಮ್ಮ ಕಾರು ಫೋನಿನ ಆ್ಯಪ್‌ಗೆ ಜೋಡಣೆಯಾಗಿದೆ. ಅಲ್ಲಿಂದಲೇ ಲಾಕ್ ಆಗಿದೆ."

"ನನ್ನ ಫೋನಿನ್ಯಾಗ ಅಂಥಾದ್ದು ಇಲ್ಲವ್ವಾ."

"ನೋಂದಾಯಿತ ನಂಬರಿಗೆ ಓಟಿಪಿ ಕಳಿಸಿದ್ದೇನೆ, ಹೇಳಿ."

"ಅದು ಯಾರ ನಂಬರ್?"

"ಸುರಕ್ಷತೆಯ ಕಾರಣಕ್ಕೆ ಅದನ್ನು ಹೇಳುವಂತಿಲ್ಲ ಮೇಡಂ."

ಯಾರ ಸುರಕ್ಷತೆ ಎಂದು ಕೇಳುವಷ್ಟರಲ್ಲಿ, ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಯಂತ್ರ ಕೇಳಿತು.

ಹಳೆಯ ಕಾಗದಪತ್ರದಲ್ಲಿ ಮೊದಲಿನ ಮಾಲೀಕರ ನಿಪ್ಪಾಣಿಯ ವಿಳಾಸವಿತ್ತು. ಭಾನುವಾರ ನಮ್ಮವರನ್ನು ಎಬ್ಬಿಸಿಕೊಂಡು ಹೊರಟೆ. ತಂಬಾಕಿನ ವ್ಯಾಪಾರ ಮಾಡಿ ಈಗ ಮನೆಯಲ್ಲಿರುವ ಹಿರಿಯರು ಬಾಗಿಲಲ್ಲೇ ನಿಂತಿದ್ದರು. "ಯಾ, ಯಾ, ಬರ್ರಿ" ಎಂದು ಮರಾಠಿ ಕನ್ನಡ ಬೆರೆಸಿ ಒಳಗೆ ಕರೆದರು. ವಿಷಯ ಹೇಳಿದೆ. ಅವರ ಹೆಂಡತಿ ಅಡುಗೆಮನೆಯಿಂದ ಫೋನ್ ಹಿಡಿದು ಬಂದರು. ಅದೇ ಕಂಪನಿಯ ಹೊಸ ಕಾರು ಕೊಂಡಿದ್ದರಂತೆ. ಆ್ಯಪಿನಲ್ಲಿ ಎರಡು ಕಾರು, ಎರಡೂ ಬಿಳಿ. ಹೊಸದನ್ನು ಲಾಕ್ ಮಾಡಲು, ತೆಗೆಯಲು ಹೋಗಿ ಅವರು ಮೇಲಿದ್ದ ನಮ್ಮದನ್ನು ಒತ್ತುತ್ತಿದ್ದರು. ಜನಜಂಗುಳಿಯಲ್ಲಿ ತಮ್ಮ ಕಾರು ಹುಡುಕಲು ಹಾರ್ನ್ ಒತ್ತಿದರೆ, ಕೂಗುತ್ತಿದ್ದುದು ಅಥಣಿಯಲ್ಲಿ ನಿಂತ ನನ್ನ ಕಾರು.

"ನಮ್ಮ ಗಾಡಿ ಯಾಕ ಕೇಳವಲ್ದು ಅಂತ ನಾ ದಿನಾ ಬೈಯಾಕತ್ತಿದ್ದೆ" ಎಂದರು ಆ ತಾಯಿ. ಅತ್ತೆಯವರ ವಿಷಯ ಕೇಳಿ ಅವರ ಕಣ್ಣು ತುಂಬಿತು. ನನ್ನ ಕೈ ಹಿಡಿದುಕೊಂಡೇ ಕೂತರು. ಅವರ ಮೇಲೆ ಸಿಟ್ಟು ಮಾಡಲು ಆಗಲಿಲ್ಲ.

ಆಗ ಅವರ ಯಜಮಾನರು ನಗುತ್ತ ಕೇಳಿದರು: "ನೀವು ಐತವಾರಕ್ಕೊಮ್ಮಿ ಕುಡಚಿಗೆ ಹೋಗ್ತೀರಲ್ಲ, ಅಲ್ಲಿ ಬಳಗದವರ ಅದಾರೇನ್ರಿ?"

ನನ್ನ ಅಕ್ಕನ ಮನೆ ಕುಡಚಿಯಲ್ಲಿದೆ. ಆದರೆ ಅದು ಇವರಿಗೆ ಹೇಗೆ ಗೊತ್ತು? ಆ್ಯಪಿನಲ್ಲಿ ನಕ್ಷೆ ತೆರೆದು ತೋರಿಸಿದರು. ನಾನು ಎಲ್ಲಿ ನಿಂತೆ, ಎಷ್ಟು ಹೊತ್ತು, ಎಲ್ಲವೂ ಅಲ್ಲಿತ್ತು. ಕೆಟ್ಟ ಮನುಷ್ಯರಲ್ಲ, ಸುಮ್ಮನೆ ಹೊತ್ತು ಹೋಗದೆ ನೋಡಿದ್ದರು. ಕೆಟ್ಟವರ ಕೈಗೆ ಸಿಕ್ಕಿದ್ದರೆ? ತಾನೇ ಬ್ರೇಕ್ ಹಾಕುವ, ತಾನೇ ತಿರುಗುವ ಈ ಗಾಡಿಯನ್ನು ನಾಳೆ ಅಷ್ಟೂ ಫೋನಿನಿಂದಲೇ ಓಡಿಸುವಂತಾದರೆ, ಕಳ್ಳ ಮನೆಗೇ ಬರಬೇಕಿಲ್ಲವಲ್ಲ! "ಇದನ್ನ ಈಗಿಂದೀಗ ತಗದ ಹಾಕ್ರಿ" ಎಂದೆ.

ಓಟಿಪಿ ಅವರ ಫೋನಿಗೇ ಬಂತು. ಐದು ನಿಮಿಷದಲ್ಲಿ ಕಾರು ಅವರ ಆ್ಯಪಿನಿಂದ ಹೋಯಿತು. ನಮ್ಮವರು ಅಲ್ಲೇ ಕೂತು ತಮ್ಮ ಫೋನಿಗೆ ಅದನ್ನು ಜೋಡಿಸಿಕೊಂಡರು. "ಇನ್ನ ಚಿಂತಿ ಇಲ್ಲ, ಮನಿಯವರ ಕೈಯಾಗ ಐತಿ."

ಮೂರನೆಯ ದಿನ ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನಮ್ಮವರು ಕೇಳಿದರು: "ಬಸ್ ಸ್ಟ್ಯಾಂಡ್ ಹತ್ರ ಮುಕ್ಕಾಲ್ ತಾಸ ಯಾಕ ನಿಂತಿದ್ದಿ?"

ಅವರ ಕೈಯಿಂದ ಫೋನ್ ತೆಗೆದುಕೊಂಡು ಆ್ಯಪನ್ನೇ ಅಳಿಸಿಬಿಟ್ಟೆ. ಮರುವಾರ ಗ್ಯಾರೇಜಿಗೆ ಹೋಗಿ, ಆನ್‌ಲೈನ್ ಸಂಪರ್ಕವನ್ನೂ ಸ್ಟೇರಿಂಗ್ ತಾನೇ ತಿರುಗಿಸುವ ವ್ಯವಸ್ಥೆಯನ್ನೂ ಬಂದ್ ಮಾಡಿಸಿದೆ. "ಇಷ್ಟು ಚಲೋ ಸೌಲತ್ತು ಯಾಕ ಬ್ಯಾಡ್ರಿ ಮೇಡಂ?" ಎಂದು ಮೆಕ್ಯಾನಿಕ್ ಕೇಳುತ್ತಿದ್ದಂತೆ ಚಾವಿ ಇಸಿದುಕೊಂಡು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ಹೊರಟೆ.