ಮೋತ್ಯಾನ ಮೇಲೆ ಹಾಕಿದ ಸುಳ್ಳು

ಆಗೆಲ್ಲ ಅತನೂರಿನಲ್ಲಿ ಮಳೆಗಾಲ ಅಂದರೆ ನಮಗೆ ಹುಡುಗಿಯರಿಗೆ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ, ಕಟ್ಟೆಯ ಮೇಲೆ ಗಜಗದಾಟ, ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ. ನನಗೆ ಒಂಬತ್ತು ತುಂಬಿದ ಆ ವರ್ಷದ ಮಳೆಗಾಲ ಮಾತ್ರ ಹಾಗಿರಲಿಲ್ಲ. ಭೀಮಾ ಹೊಳೆಯಾಚೆ ಇಂಗ್ರೇಜಿ ಸರಕಾರ ಹೋಗಿ ವರ್ಷವಾಗುತ್ತ ಬಂದಿತ್ತು. ಈಚೆ ದಂಡೆಯ ನಾವು ಇನ್ನೂ ನಿಜಾಮನ ಆಳಿಕೆಯ ಮೊಗಲಾಯಿಯಲ್ಲೇ ಇದ್ದೆವು. ಬಂದೂಕು ಹಿಡಿದ ರಜಾಕಾರರ ಗುಂಪುಗಳು ಊರೂರು ತಿರುಗುತ್ತಿದ್ದವು. ಅಪ್ಪ ಎತ್ತುಗಳನ್ನೂ ಜೋಳದ ಚೀಲಗಳನ್ನೂ ಹೊಳೆ ದಾಟಿಸಿ, ಆಚೆ ದಂಡೆಯ ಅತ್ತೆಯ ಊರಿನಲ್ಲಿ ಅವುಗಳ ಕಾವಲಿಗೆ ಕೂತಿದ್ದ. ಮನೆಯಲ್ಲಿ ಅಪ್ಪನ ತಾಯಿ ಆಯಿ, ಅವ್ವ, ನಾನು. ಮನೆಯ ಯಜಮಾನಿಕೆ ಅಪ್ಪನ ತಮ್ಮ ಸಿದ್ರಾಮ ಕಾಕಾನದು.

ಕಾಕಾ ಹಗಲಿನಲ್ಲೂ ಮುಂಬಾಗಿಲಿಗೆ ಅಗಳಿ ಹಾಕಿಸಿದ. ಹಿತ್ತಲ ಬಾಗಿಲಿಗೆ ಒರಳುಕಲ್ಲು ಉರುಳಿಸಿದ. ಜೋಕಾಲಿಯ ಹಗ್ಗ ಬಿಚ್ಚಿದ. ಗಟ್ಟಿಯಾಗಿ ನಕ್ಕರೂ ಬೈಯುತ್ತಿದ್ದ.

ಅಂಥ ಮನೆಗೆ ಮೋತ್ಯಾ ಬಂದ. ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದ್ದ ಕುರುಬ, ಅಪ್ಪ ಹೊಳೆ ದಾಟುವ ಮೊದಲೇ ಅವನಿಗೆ ಮಾತು ಕೊಟ್ಟಿದ್ದನಂತೆ, ಕಾವಲಿಗೊಂದು ನಾಯಿಮರಿ ಕೊಡುತ್ತೇನೆ ಎಂದು. ಕಂಬಳಿಯಲ್ಲಿ ಸುತ್ತಿ ತಂದು ನನ್ನ ಮಡಿಲಿಗೆ ಹಾಕಿದ. ಒಂದು ಗೇಣುದ್ದದ ಕರಿ ಮರಿ, ಅದೇ ಮೋತ್ಯಾ. ಕುರಿಯ ಹಾಲಿನ ವಾಸನೆ ಹೊಡೆಯುತ್ತಿತ್ತು. ಒಂದು ಕಿವಿ ನಿಂತಿತ್ತು, ಇನ್ನೊಂದು ಮಡಚಿಕೊಂಡಿತ್ತು.

ಮೊದಲ ದಿನವೇ ಅದು ಪಡಸಾಲೆಯಲ್ಲಿ ಉಚ್ಚೆ ಹೊಯ್ದಿತು. ಎರಡನೆಯ ದಿನ ಆಯಿ ಲಿಂಗಪೂಜೆಗೆ ಕೂಡುವ ಮಣೆಯ ಪಕ್ಕದಲ್ಲಿ. ಮೂರನೆಯ ದಿನ ಕಾಕಾ ಮಡಚಿಟ್ಟಿದ್ದ ರುಮಾಲಿನ ಮೇಲೆ. ಅವ್ವ ಬೆಳಗ್ಗೆ ಸೆಗಣಿ ಹಾಕಿ ಸಾರಿಸಿದ ನೆಲ ಮಧ್ಯಾಹ್ನದೊಳಗೆ ಮೂರು ಕಡೆ ಹಸಿಯಾಗಿರುತ್ತಿತ್ತು. ಆಯಿ ಮೂಗಿಗೆ ಸೆರಗು ಹಿಡಿದು ಗೊಣಗುತ್ತಿದ್ದಳು: "ಮನಿಯೊಳಗ ದೇವರು ಇರಬೇಕೋ, ನಾಯಿ ಇರಬೇಕೋ, ಯಾವುದರೆ ಒಂದು ಹೇಳ್ರಿ."

ಕಾಕಾ ಗೊಣಗುತ್ತಿರಲಿಲ್ಲ. ಮರಿಯ ಕುತ್ತಿಗೆ ಹಿಡಿದು ಅದರ ಮೂತಿಯನ್ನು ಆ ಹಸಿಗೇ ತಿಕ್ಕುತ್ತಿದ್ದ. ಆಮೇಲೆ ಕೆರ ತೆಗೆದುಕೊಳ್ಳುತ್ತಿದ್ದ. ಕೆಲವೇ ದಿನಗಳಲ್ಲಿ ಹೇಗಾಯಿತೆಂದರೆ, ಅವನ ಹೆಜ್ಜೆಯ ಸಪ್ಪಳ ಕೇಳಿದರೆ ಸಾಕು, ಮರಿ ನಿಂತಲ್ಲೇ ಕುಗ್ಗಿ ಉಚ್ಚೆ ಹೊಯ್ಯುತ್ತಿತ್ತು. ಅದಕ್ಕಾಗಿ ಮತ್ತೆ ಏಟು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಾಗಿಲು ಮುಚ್ಚಿದವರು ನೀವೇ, ಅದು ಎಲ್ಲಿಗೆ ಹೋಗಬೇಕು ಎಂದು ಕೇಳಬೇಕೆನಿಸುತ್ತಿತ್ತು. ಕೇಳುವ ಧೈರ್ಯ ಇರಲಿಲ್ಲ. ಅವನು ಮಲಗಿದ ಮೇಲೆ ಅವನ ಕೆರಗಳಲ್ಲಿ ಬೂದಿ ತುಂಬಿಡುತ್ತಿದ್ದೆ. ನನ್ನಿಂದಾದದ್ದು ಅಷ್ಟು.

ನಮ್ಮ ಹಿತ್ತಲ ಗೋಡೆಯ ಆಚೆ ಹಲೀಮಾಬಿಯ ಮನೆ. ಅವಳ ಗಂಡ ಅಂಗಿ ಹೊಲಿಯುತ್ತಿದ್ದ. ಬಂದೂಕಿನವರೂ ಅವರೂ ಒಂದೇ ಮತದವರೆಂದು, ಆ ವರ್ಷ ಅವರ ಜೊತೆ ಮಾತಾಡಕೂಡದೆಂದು ಕಾಕಾನ ಅಪ್ಪಣೆಯಾಗಿತ್ತು. ಆದರೆ ಅವನು ಹೊಲಕ್ಕೆ ಹೋದ ಹೊತ್ತಿನಲ್ಲಿ ಅವ್ವನೂ ನಾನೂ ಒರಳುಕಲ್ಲು ಸರಿಸಿ ಹಿತ್ತಲಿಗೆ ಇಳಿದರೆ, ಗೋಡೆಯ ಮೇಲೆ ಹಲೀಮಾಬಿಯ ಮುಖ ಕಾಣುತ್ತಿತ್ತು. ಒಂದು ದಿನ ಮರಿಯ ಊದಿದ ಮೂತಿ ನೋಡಿ ಕೇಳಿದಳು.

"ಯಾರು ಹೊಡ್ಯಾರ ಬೇಟಾ ಇದಕ್ಕ?"

"ಕಾಕಾ. ಮನಿಯಾಗ ಹೊಲಸು ಮಾಡ್ತದ ಅಂತ."

"ಹೊಡದ್ರ ಹೆದರತದ. ಹೆದರಿದ್ರ ಮತ್ತ ಮಾಡ್ತದ. ನನ್ನ ಮಕ್ಕಳಿಗಿ ನಾ ಏನ್ ಹೊಡದು ಕಲಸೇನಿ? ಉಂಡ ಕೂಡ್ಲೆ ಹೊರಗ ತಗೊಂಡ್ ಬಾ. ನಿದ್ದಿಯಿಂದ ಎದ್ದ ಕೂಡ್ಲೆ ತಗೊಂಡ್ ಬಾ. ದಿನಾ ಒಂದೇ ಜಾಗಾಕ್ಕ. ಮಾಡಿದ ಮ್ಯಾಲ ಶಾಬಾಸ್ ಅನ್ನು, ಒಂದ್ ತುತ್ತು ರೊಟ್ಟಿ ಕೊಡು. ಒಳಗ ಮಾಡಿದ್ರ ಬೂದಿ ಹಾಕಿ ಬಳಿ, ಬಾಯಿ ಮುಚ್ಚಿಕೊಂಡು ಇರು."

ಹಾಗೆಯೇ ಮಾಡಿದೆ. ಬೇವಿನ ಗಿಡದ ಬುಡದಲ್ಲಿ ಒಂದು ಜಾಗ ಗೊತ್ತು ಮಾಡಿದೆ. ನುಚ್ಚು ಮಜ್ಜಿಗೆ ಉಣಿಸಿದ ಕೂಡಲೇ ಎತ್ತಿಕೊಂಡು ಓಡುತ್ತಿದ್ದೆ. ಜಿಟಿಜಿಟಿ ಮಳೆಯಲ್ಲಿ, ಕಾಲಿಗೆ ಎರೆಮಣ್ಣು ಮೆತ್ತಿಕೊಂಡು, "ಮಾಡೋ ಮೋತ್ಯಾ, ಲಗೂ ಮಾಡೋ" ಎಂದು ಪಿಸುಗುಡುತ್ತ ನಿಲ್ಲುತ್ತಿದ್ದೆ. ಅದು ಹುಲ್ಲು ಮೂಸುತ್ತಿತ್ತು, ಕಪ್ಪೆ ಹಿಂದೆ ಹೋಗುತ್ತಿತ್ತು, ಒಳಗೆ ಬಂದ ಮೇಲೆ ಹೊಸ್ತಿಲಲ್ಲೇ ಹೊಯ್ಯುತ್ತಿತ್ತು. ಎಷ್ಟೋ ಸಲ ನಾನು ಅತ್ತುಬಿಟ್ಟೆ. ಅವ್ವ ಬೂದಿ ಹಾಕಿ ಬಳಿದು ಸುಮ್ಮನಾಗುತ್ತಿದ್ದಳು.

ಹದಿನೈದು ದಿನವಾಗಿರಬೇಕು. ಒಂದು ಮಧ್ಯಾಹ್ನ ಮೋತ್ಯಾ ತಾನೇ ಎದ್ದು ಹಿತ್ತಲ ಬಾಗಿಲ ಹತ್ತಿರ ಹೋಗಿ ಕೂತಿತು. ತಿರುಗಿ ನನ್ನನ್ನು ನೋಡಿತು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಕಲ್ಲು ಸರಿಸಿದಳು. ಅದು ನೇರ ಬೇವಿನ ಬುಡಕ್ಕೆ ಹೋಗಿ ಕೆಲಸ ಮುಗಿಸಿ ಬಂತು. ಅವ್ವ ಆ ವರ್ಷ ಬಾಯಿ ತುಂಬ ನಕ್ಕದ್ದು ನಾನು ನೋಡಿದ್ದು ಅಂದೇ. ಆಮೇಲೆ ಮೋತ್ಯಾ ಮನೆಯೊಳಗೆ ಒಂದು ಸಲವೂ ಹೊಲಸು ಮಾಡಲಿಲ್ಲ. ಕಾಕಾ ಬಂದಾಗ ಅದನ್ನು ನಾನು ಅಡುಗೆಮನೆಯಲ್ಲಿ ಮಡಿಲೊಳಗೆ ಇಟ್ಟುಕೊಳ್ಳುತ್ತಿದ್ದೆ.

ಮುಂದೆ ಸ್ವಲ್ಪ ದಿನಕ್ಕೆ ಬಂದೂಕಿನವರು ನಮ್ಮೂರಿಗೂ ಬಂದರು. ನಡು ಮಧ್ಯಾಹ್ನ. ಕುದುರೆಗಳ ಸಪ್ಪಳ, ಗಂಡಸರ ಕೂಗು, ಎಲ್ಲೋ ಒಂದು ಹೆಂಗಸಿನ ಅಳು. ಊರ ಅಗಸಿ ಬಾಗಿಲ ಹೊರಗಿದ್ದ ನಮ್ಮ ಮೇವಿನ ಬಣವೆಗೆ ಬೆಂಕಿ ಹಚ್ಚಿದರು. ನಾವು ಅಡುಗೆಮನೆಯ ಮೂಲೆಯಲ್ಲಿ ಕಣಜದ ಹಿಂದೆ ಕೂತಿದ್ದೆವು. ಅವ್ವನ ಕೈ ನನ್ನ ಬಾಯಿಯ ಮೇಲಿತ್ತು. ಕಾಕಾ ಕೊಡಲಿ ಹಿಡಿದು ನಮ್ಮೆಲ್ಲರ ಹಿಂದೆ ಕೂತಿದ್ದ. ಯಾರೋ ನಮ್ಮ ಬಾಗಿಲಿಗೆ ಎರಡು ಸಲ ಒದ್ದರು. ಆಮೇಲೆ ಹೋದರು. ಮೋತ್ಯಾ ನನ್ನ ತೊಡೆಯ ಮೇಲೆ ಉಸಿರೆತ್ತದೆ ಮಲಗಿತ್ತು.

ಮರುದಿನ ಬೆಳಗ್ಗೆ ನನ್ನ ಕೌದಿ ಹಸಿಯಾಗಿತ್ತು. ನಾನು ಮಾಡಿದ್ದು. ಒಂಬತ್ತು ವರ್ಷದ ಹುಡುಗಿ. ಅದರ ಮರುದಿನವೂ ಹಾಗೇ ಆಯಿತು. ಅವ್ವ ಸದ್ದಿಲ್ಲದೆ ಕೌದಿ ಒಗೆದಳು. ಮೂರನೆಯ ದಿನ ಅವಳು ಕೌದಿ ಎತ್ತುವುದಕ್ಕೂ ಕಾಕಾ ಒಳಗೆ ಬರುವುದಕ್ಕೂ ಸರಿಹೋಯಿತು.

"ಏನದು ವಾಸನಿ?" ಅಂದ.

ಅವ್ವ ನನ್ನ ಕಡೆ ನೋಡಲಿಲ್ಲ. "ನಾಯಿ ಮಾಡ್ಯದ," ಅಂದಳು.

"ಮತ್ತ ಶುರು ಮಾಡ್ತೇನು? ದೇವರ ಮನಿ ಆತು, ಈಗ ಹಾಸಿಗಿ. ಸಾಕು ವೈನಿ. ಇವತ್ತ ಇದನ್ನ ತೀರಿಸ್ತೇನಿ."

ಗೋಣಿಚೀಲ ತಂದ. ಮೋತ್ಯಾ ಆಗ ಹಿತ್ತಲ ಬಾಗಿಲ ಹತ್ತಿರ ಕೂತಿತ್ತು, ಹೊರಗೆ ಬಿಡಿ ಎಂದು ಕೇಳುತ್ತ, ನಾನು ಕಲಿಸಿದ ಹಾಗೆ. ಕಾಕಾ ಹಿಂದಿನಿಂದ ಅದರ ಕುತ್ತಿಗೆ ಹಿಡಿದು ಚೀಲಕ್ಕೆ ಹಾಕಿದ. ನಾನು ಗೋಡೆಗೆ ಒರಗಿ ನಿಂತಿದ್ದೆ. ನಾನೇ ಮಾಡಿದ್ದು ಎಂಬ ಎರಡು ಮಾತು ಆಡಿದ್ದರೆ ಸಾಕಿತ್ತು. ಆಯಿ ಜಪದ ಮಣೆಯಿಂದ ನನ್ನ ಹಸಿ ಲಂಗವನ್ನು ನೋಡಿದಳು, ನನ್ನ ಮುಖ ನೋಡಿದಳು, ಕಣ್ಣು ಮುಚ್ಚಿಕೊಂಡಳು. ಅವಳಿಗೆ ತಿಳಿದಿತ್ತು. ಅವ್ವನಿಗೆ ತಿಳಿದಿತ್ತು. ಮೂವರು ಹೆಂಗಸರು ಸುಮ್ಮನಿದ್ದೆವು. ಚೀಲ ಬಾಗಿಲು ದಾಟಿ ಹೋಯಿತು.

ಮಧ್ಯಾಹ್ನ ಬರಿಗೈಯಲ್ಲಿ ಬಂದ ಕಾಕಾ ಕೈ ತೊಳೆದು ಊಟಕ್ಕೆ ಕೂತ. "ಹೊಳಿ ದಂಡಿಗಿ ಬಿಟ್ಟು ಬಂದೇನಿ," ಅಂದ. ಎರಡು ರೊಟ್ಟಿ ಹೆಚ್ಚಿಗೆ ಕೇಳಿ ಉಂಡ.

ಭಾದ್ರಪದದಲ್ಲಿ ಹಿಂದುಸ್ತಾನದ ದಂಡು ಬಂತು. ಮೊಗಲಾಯಿ ಮುಗಿಯಿತು ಎಂದರು. ಅಪ್ಪ ಎತ್ತುಗಳನ್ನು ಹೊಡೆದುಕೊಂಡು ಮರಳಿ ಬಂದ. ನಮ್ಮ ಬಾಗಿಲು ತೆರೆದ ವಾರದಲ್ಲೇ ಹಲೀಮಾಬಿಯ ಬಾಗಿಲು ಮುಚ್ಚಿತು. ಈಗ ಹೆದರುವ ಸರದಿ ಅವರದು. ಒಂದು ಬೆಳಗ್ಗೆ ಗೋಡೆಯ ಮೇಲಿಂದ ಕರೆದೆ, ಯಾರೂ ಓಗೊಡಲಿಲ್ಲ. ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ, ಕೇಳಿದವರೂ ಇರಲಿಲ್ಲ.

ಅಪ್ಪ ನಾಯಿ ಎಲ್ಲಿ ಎಂದು ಕೇಳಿದಾಗ ಕಾಕಾ, "ಹಾಸಿಗಿ ಹೊಲಸು ಮಾಡತಿತ್ತಣ್ಣ," ಅಂದ. ಆಗ ನನಗೆ ಏನಾಯಿತೋ. "ಅದು ಮಾಡಿಲ್ಲ. ನಾ ಮಾಡೇನಿ. ಅವ್ವಗ ಗೊತ್ತದ, ಆಯಿಗಿ ಗೊತ್ತದ," ಎಂದು ಕಿರುಚಿದೆ. ಗೂಟದಲ್ಲಿದ್ದ ಕಾಕಾನ ರುಮಾಲು ಎಳೆದು ಹಿತ್ತಲ ರಾಡಿಗೆ ಎಸೆದೆ, ಅದರ ಮೇಲೆ ನಿಂತು ತುಳಿದೆ. ಯಾರೂ ನನ್ನನ್ನು ಹೊಡೆಯಲಿಲ್ಲ. ಕಾಕಾ ಬಂದು ರುಮಾಲು ಎತ್ತಿಕೊಂಡ.

"ಒಂದು ಮಾತು ಹೇಳಿದ್ರ ಬಿಟ್ಟುಬಿಡತಿದ್ದೆ," ಅಂದ, ಮೆಲ್ಲಗೆ.

ಅದು ನನ್ನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. ಅಪ್ಪ ನನ್ನನ್ನು ಬಂಡಿಯಲ್ಲಿ ಹೊಳೆ ದಂಡೆಗೆ ಕರೆದೊಯ್ದ. ಭೀಮೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಗಂಟಲು ಹರಿಯುವ ತನಕ ಮೋತ್ಯಾ ಎಂದು ಕೂಗಿದೆ. ನೀರಿನ ಸಪ್ಪಳ ಬಿಟ್ಟರೆ ಏನೂ ಕೇಳಲಿಲ್ಲ. ಅಂಬಿಗನಿಗೆ ಕೇಳಿದೆವು, ಅವನು ಯಾವ ಮರಿಯನ್ನೂ ಕಂಡಿರಲಿಲ್ಲ.

ನನ್ನ ಮದುವೆಯಾಗಿ ಮೂರು ಮಕ್ಕಳಾದ ಮೇಲೆ ಅವ್ವನಿಗೆ ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು.

"ಅವ ನಿನ್ನ ಊರ ಮುಂದ ಆಡಿಕೋತಿದ್ದ ಬೇ. ನಾಳಿ ಮದವಿ ಆಗೋ ಹುಡುಗಿ," ಅಂದಳು. ಆಮೇಲೆ, "ಬಾಗಲಾ ಒದ್ದವರಿಗಿ ಏನರ ಅನ್ನಾಕ ಆಗತಿತ್ತೇನು ನಮಗ? ಆ ಮೂಕ ಪ್ರಾಣಿಗಿ ಅಂದಿವಿ," ಅಂದಳು. ನಾನು ಅವಳನ್ನು ಆಗಲೂ ಕ್ಷಮಿಸಲಿಲ್ಲ. ನನ್ನನ್ನೂ ಕ್ಷಮಿಸಿಕೊಂಡಿಲ್ಲ.

ಈಗ ನನ್ನ ಮೊಮ್ಮಗಳ ಮಗು ಹಾಸಿಗೆ ಹಸಿ ಮಾಡಿದರೆ ಮನೆಯವರೆಲ್ಲ ನಕ್ಕು ಬಿಸಿಲಿಗೆ ಹಾಕುತ್ತಾರೆ. ಒಳ್ಳೆಯದೇ ಆಯಿತು. ಅತನೂರಿನ ಆ ಮನೆಯ ಮಣ್ಣಿನ ಮಾಳಿಗೆ ಹೋಗಿ ಕಾಂಕ್ರೀಟಿನ ಸೂರು ಬಂದಿದೆ, ಹಲೀಮಾಬಿಯ ಜಾಗದಲ್ಲಿ ಹಿಟ್ಟಿನ ಗಿರಣಿ ಇದೆ. ಆಯಿ ಹೋದಳು, ಅಪ್ಪ ಹೋದ, ಅವ್ವ ಹೋದಳು. ಎಲ್ಲರಿಗಿಂತ ಕೊನೆಗೆ ಕಾಕಾ ಹೋದ. ಸಾಯುವ ಮುಂಚೆ ನನ್ನ ಕೈ ಹಿಡಿದುಕೊಂಡು ಏನೋ ಹೇಳಲು ಹೋದ, ಮಾತು ಬರಲಿಲ್ಲ. ಮಣ್ಣು ಕೊಟ್ಟು ಬಂದ ದಿನ ಒಲೆಯ ಮುಂದೆ ಕೂತಾಗ ತಿಳಿಯಿತು. ಆ ಮರಿಯನ್ನು ಕಣ್ಣಿಂದ ಕಂಡವರು ಇನ್ನು ಈ ಭೂಮಿಯ ಮೇಲೆ ನಾನೊಬ್ಬಳೇ. ಸಿಟ್ಟು ಮಾತ್ರ ಅಂದಿನಷ್ಟೇ ಬಿಸಿಯಾಗಿತ್ತು, ಜಗಳಾಡಲು ಆ ಮನೆಯವರು ಅಂತ ಯಾರೂ ಉಳಿದಿರಲಿಲ್ಲ.