ಏಳನೇ ಸುತ್ತಿನ ಡ್ರಮ್ಮರ್

ನನ್ನ ಬಲಗೈ ಬೆರಳುಗಳಿಗೆ ಸುಮ್ಮನೆ ಕೂರುವ ವಿದ್ಯೆ ಬರುವುದಿಲ್ಲ. ಊಟದ ಮೇಜು, ಬಸ್ಸಿನ ಮುಂದಿನ ಸೀಟಿನ ಕಂಬಿ, ಮೊನ್ನೆ ಹಲ್ಲಿನ ಡಾಕ್ಟರ ಕುರ್ಚಿಯ ಕೈ, ಹೀಗೆ ಬಡಿಯಲು ಯೋಗ್ಯವಾದ ಜಾಗ ಯಾವುದು ಸಿಕ್ಕರೂ ಅವು ನನ್ನ ಅಪ್ಪಣೆಗೆ ಕಾಯದೆ ಕಾರ್ಯಾರಂಭ ಮಾಡಿಬಿಡುತ್ತವೆ. ಹೆಂಡತಿ ಇದನ್ನು ನರದೌರ್ಬಲ್ಯವೆಂದು ಭಾವಿಸಿ ಕೆಲವು ದಿನ ಬಾದಾಮಿ ನೆನೆಸಿ ಕೊಟ್ಟಳು. ಬಡಿತಕ್ಕೆ ಇನ್ನಷ್ಟು ಬಲ ಬಂದದ್ದನ್ನು ಕಂಡು ನಿಲ್ಲಿಸಿದಳು. ಮೃದಂಗ ಕಲಿತವರೇ ಎಂದು ಕೇಳಿದವರಿಗೆ ಹೌದು ಎನ್ನುತ್ತೇನೆ. ಅದು ಅರ್ಧ ಸತ್ಯ. ಉಳಿದ ಅರ್ಧವನ್ನು ಹೇಳಿದರೆ ಎದುರಿನವರು ನನ್ನ ಹಣೆಯ ಕುಂಕುಮವನ್ನು ಒಮ್ಮೆ ನೋಡಿ ನಕ್ಕುಬಿಡುತ್ತಾರೆ. ನೀವು ನಗುವುದಾದರೂ ಕೊನೆಯವರೆಗೆ ಓದಿ ನಗುತ್ತೀರೆಂಬ ಭರವಸೆಯಿಂದ ಹೇಳುತ್ತಿದ್ದೇನೆ: ದೇವರಿಗೆ ದೀಪ ಹಚ್ಚದೆ ಕಾಫಿ ಕುಡಿಯದ ಮನೆಯ ಮಗನಾದ ನಾನು, ತೊಂಬತ್ತರ ದಶಕದ ನಡುವಿನಿಂದ ಕೆಲವು ವರ್ಷ ತುಮಕೂರಿನ ಒಂದು ಕ್ರೈಸ್ತ ರ‍್ಯಾಪ್-ರಾಕ್ ತಂಡಕ್ಕೆ ಡ್ರಮ್ಸ್ ಬಾರಿಸುತ್ತಿದ್ದೆ.

ತಂಡದ ಹೆಸರು ‘ಏಳನೇ ಸುತ್ತು’. ಬೈಬಲಿನಲ್ಲಿ ಒಂದು ಕೋಟೆಯ ಕಥೆಯಿದೆ. ದೇವಜನರು ತುತ್ತೂರಿಯೂದುತ್ತ ಸುತ್ತು ಹಾಕಿ, ಕಡೆಯ ದಿನದ ಏಳನೇ ಸುತ್ತಿಗೆ ಎಲ್ಲರೂ ಕೂಗಿದಾಗ ಗೋಡೆಗಳು ತಾವಾಗಿಯೇ ಉರುಳಿದವಂತೆ. ಹೆಸರಿಟ್ಟವನು ಜಯರಾಜ, ನನ್ನ ಹೈಸ್ಕೂಲಿನ ಗೆಳೆಯ, ಅಂತರಸನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇತ್ ಮೆಷಿನ್ ಓಡಿಸುತ್ತಿದ್ದವನು. ಅವನ ಮನೆಯ ಹಿಂದಿನ ಹೆಂಚಿನ ಕೋಣೆಯಲ್ಲಿ ನಮ್ಮ ಅಭ್ಯಾಸ. ಹೆಸರಿನ ಅರ್ಥವನ್ನು ಅವನು ಭಕ್ತಿಯಿಂದ ವಿವರಿಸಿದಾಗ ಪಕ್ಕದ ಮನೆಯ ಗೌರಮ್ಮನವರು, “ಬೀಳಾದು ನಮ್ಮನೆ ಗೋಡೆ ಕಣಪ್ಪಾ, ಒಸಿ ನಿಧಾನಕ್ ಬಾರ್ಸಿ” ಎಂದಿದ್ದರು.

ಬೆಂಗಳೂರಿನ ನೆಂಟರೊಬ್ಬರು ಕೊಟ್ಟ ಕ್ಯಾಸೆಟ್ಟಿನಲ್ಲಿ ಜಯರಾಜ ಮೊದಲ ಬಾರಿ ರ‍್ಯಾಪ್ ಕೇಳಿದ್ದ. ಅದನ್ನು ಇಂಗ್ಲಿಷಿನಲ್ಲೇ ಹೇಳಲು ಹೋಗಿ, ನಾಲಿಗೆ ಕಚ್ಚಿಕೊಂಡು, ಕಡೆಗೆ ಕನ್ನಡಕ್ಕೆ ಶರಣಾದ. ಆದರೆ ಉಸಿರು ಸಾಲುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮನ ಬಲವಂತಕ್ಕೆ ಮೃದಂಗದ ಪಾಠಕ್ಕೆ ಹೋಗುತ್ತಿದ್ದ ನನಗೆ ಬಾಯಲ್ಲಿ ತಾಳದ ಸೊಲ್ಲು ಹೇಳುವುದು ಗೊತ್ತಿತ್ತು. ತಕಧಿಮಿ ತಕಜಣು ಎಂದು ಅವನಿಗೆ ಕಲಿಸಿದೆ. ಆ ಸೊಲ್ಲುಗಳ ಜಾಗದಲ್ಲಿ ಅವನು, ಕುರಿಗಾಹಿ ಹುಡುಗನೊಬ್ಬ ಒಂದೇ ಕಲ್ಲಿನಿಂದ ದೈತ್ಯನನ್ನು ಉರುಳಿಸಿದ ಬೈಬಲಿನ ಕಥೆಯ ಮಾತು ಕೂರಿಸಿದ:

ಗೋಡೆಯಂಗೆ ನಿಂತವ್ನೆ ಗೋಲಿಯಾತ ನೋಡು,
ಕುರಿ ಕಾಯೋ ಹುಡುಗ್ನ ಕೈಲಿ ಕಲ್ಲು ಐತೆ ನೋಡು.

ಹೀಗೆ ಸೊಲ್ಲು ಕಲಿಸಲು ಹೋದವನು ಸೆಕೆಂಡ್ ಹ್ಯಾಂಡ್ ಡ್ರಮ್ಮಿನ ಹಿಂದೆ ಕೂತುಬಿಟ್ಟೆ. ಗಿಟಾರಿಗೆ ಜಯರಾಜನ ತಮ್ಮ ಪ್ರೇಮ, ಕೀಬೋರ್ಡಿಗೆ ಅವರ ಚಿಕ್ಕಪ್ಪನ ಮಗಳು ಶೀಲಾ. ನನ್ನ ಅಮ್ಮ ಧರ್ಮಸೂಕ್ಷ್ಮಗಳ ತಂಟೆಗೆ ಹೋಗಲಿಲ್ಲ. “ಸಾಯಂಕಾಲ ಯಾರ ಮನೇಲಿ ಇರ್ತೀಯಾ ಅಂತ ಗೊತ್ತಿದ್ರೆ ಸಾಕು. ಕೈ ಮಾತ್ರ ಕೆಡಿಸ್ಕೋಬೇಡ” ಎಂದಳು. ಸಂಗೀತದ ದೃಷ್ಟಿಯಿಂದ ಕೈ ಅದಾಗಲೇ ಕೆಟ್ಟಿತ್ತು.

ನಮ್ಮ ಮೊದಲ ಕಾರ್ಯಕ್ರಮ ಗುಬ್ಬಿಯಲ್ಲಿ, ಕ್ರಿಸ್‌ಮಸ್ ವಾರದ ಒಂದು ಸಂಜೆ. ಸ್ಪೀಕರ್ ಬಾಕ್ಸುಗಳನ್ನು ಗೂಳೂರಿನಿಂದ ಟೆಂಪೋದಲ್ಲಿ ತಂದಿದ್ದ ಮೈಕ್‌ಸೆಟ್ಟಿನ ರುದ್ರಣ್ಣ ನನ್ನ ಹಣೆ ನೋಡಿ ಯಾವುದೋ ಸಂಕೋಚವನ್ನು ಕಂಡುಕೊಂಡು, “ನೀನ್ಯಾಕ್ ತಲೆ ಕೆಡಿಸ್ಕೊಂತೀಯ ಬುಡು. ಗಣಪತಿಗೂ ಇವೇ ಬಾಕ್ಸು, ಯೇಸಪ್ಪಂಗೂ ಇವೇ ಬಾಕ್ಸು” ಎಂದು ಸಮಾಧಾನ ಹೇಳಿದ. ಗುಬ್ಬಿ ನಾಟಕ ಕಂಡ ಊರು. ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಹಿರಿಯರೊಬ್ಬರು ನಮ್ಮ ಹಾಡುಗಳನ್ನೆಲ್ಲ ಸಹನೆಯಿಂದ ಕೇಳಿ, ಕಡೆಗೆ ಎದ್ದು ಬಂದು ವಿಚಾರಿಸಿದರು: “ಎಲ್ಲಾ ಸರಿ, ಪಾತ್ರದೋರು ಯಾವಾಗ ಬತ್ತಾರೆ?” ನಾವು ಹಾಡಿದ್ದನ್ನು ಅವರು ಪರದೆ ಏಳುವ ಮುಂಚಿನ ಸದ್ದು ಎಂದುಕೊಂಡಿದ್ದರು.

ವೇದಿಕೆ ಹತ್ತುವ ಮೊದಲು ಕೈಕೈ ಹಿಡಿದು, ಕಣ್ಣು ಮುಚ್ಚಿ, ಒಬ್ಬೊಬ್ಬರೂ ಒಂದೊಂದು ಮಾತಿನ ಪ್ರಾರ್ಥನೆ ಮಾಡುವುದು ತಂಡದ ಪದ್ಧತಿ. ನನ್ನ ಸರದಿ ಬಂದಾಗ ಏನೂ ತೋಚದೆ, “ಕರೆಂಟ್ ಹೋಗದೇ ಇರಲಿ” ಎಂದೆ. ಉಳಿದವರು ಹೃತ್ಪೂರ್ವಕವಾಗಿ ಆಮೆನ್ ಎಂದರು. ಲೋಡ್ ಶೆಡ್ಡಿಂಗಿನ ಆ ಕಾಲದಲ್ಲಿ ಅಂದು ಕರೆಂಟ್ ಹೋಗಲಿಲ್ಲವಾಗಿ, ಅಂದಿನಿಂದ ವಿದ್ಯುತ್ ಸರಬರಾಜಿಗೆ ಸಂಬಂಧಿಸಿದ ಪ್ರಾರ್ಥನೆ ಖಾಯಮ್ಮಾಗಿ ನನ್ನ ಪಾಲಿಗೆ ಬಂತು.

ನಮಗೆ ಒಂದಿಷ್ಟು ಹೆಸರು ತಂದದ್ದು ಕುಣಿಗಲ್ಲು, ಅದೂ ನನ್ನ ಒಂದು ಪ್ರಮಾದದಿಂದ. ಮೃದಂಗದಲ್ಲಿ ಮುಕ್ತಾಯವೆಂದರೆ ಒಂದೇ ಸೊಲ್ಲುಕಟ್ಟನ್ನು ಮೂರು ಸಲ ಬಾರಿಸಿ ಮುಗಿಸುವುದು. ಇದು ಕೈಗೆ ಅಂಟಿದ ಸಂಸ್ಕಾರ. ಕೆರೆಯ ಬಳಿ ಹಾಕಿದ್ದ ಆ ವೇದಿಕೆಯಲ್ಲಿ, ಹಾಡಿನಲ್ಲಿ ಗೋಲಿಯಾತ ಬಿದ್ದ ಆವೇಶದಲ್ಲಿ ನಾನು ಮುಕ್ತಾಯ ಶುರುಮಾಡಿದೆ. ಮೊದಲನೆಯದಕ್ಕೇ ಹಾಡು ಮುಗಿಯಿತೆಂದು ಪ್ರೇಮ ಗಿಟಾರ್ ನಿಲ್ಲಿಸಿದ, ಜನ ಚಪ್ಪಾಳೆ ತಟ್ಟಿದರು. ನನ್ನದಿನ್ನೂ ಎರಡು ಬಾಕಿಯಿತ್ತಲ್ಲ! ಎರಡನೆಯದನ್ನು ಬಾರಿಸಿದೆ, ಅವನು ಗಾಬರಿಯಿಂದ ಮತ್ತೆ ತಂತಿ ಮೀಟಿ ಮತ್ತೆ ನಿಲ್ಲಿಸಿದ, ಜನ ಮತ್ತೆ ತಟ್ಟಿದರು. ಮೂರನೆಯದಕ್ಕೆ ಅವರೆಲ್ಲ ಶಿಳ್ಳೆಯೊಂದಿಗೆ ಸಿದ್ಧರಾಗಿದ್ದರು. ಅಲ್ಲಿಂದ ಮುಂದೆ ನಮ್ಮ ಪ್ರತಿ ಹಾಡೂ ಮೂರು ಸಲ ಮುಗಿಯತೊಡಗಿತು. ಬೆಂಗಳೂರಿನ ಸ್ಟುಡಿಯೋದಲ್ಲಿ ನಾವು ಮಾಡಿದ ಒಂದೇ ಒಂದು ಕ್ಯಾಸೆಟ್ಟಿನಲ್ಲೂ ಹಾಗೆಯೇ ಇದೆ. ರೆಕಾರ್ಡಿಂಗ್ ಮಾಡಿದಾತ ಎರಡು ಸಲ ಮಷಿನ್ ಆಫ್ ಮಾಡಿ ಬೈಸಿಕೊಂಡ.

ಇಷ್ಟೆಲ್ಲ ಆದರೂ ಜಯರಾಜನ ಆಸೆ ಬೇರೆಯೇ ಇತ್ತು. ತುಮಕೂರಿನ ಅವನ ಮನೆಯವರು ಹೋಗುವ ಚರ್ಚಿನಲ್ಲಿ, ಅವನ ತಂದೆ ಬದುಕಿರುವ ತನಕ ಗಂಟೆ ಹೊಡೆದ ಆ ಸಭೆಯಲ್ಲಿ ನಾವು ಹಾಡಬೇಕು. ಎಡಗಡೆಯ ಬೆಂಚಿನಲ್ಲಿ ಕೂರುವ ಅವನ ತಾಯಿ ಅದನ್ನು ಕೇಳಬೇಕು. ಮಂಡಿನೋವಿನ ಆ ತಾಯಿ ಗುಬ್ಬಿಗಾಗಲಿ ಕುಣಿಗಲ್ಲಿಗಾಗಲಿ ಬರಲಾರದೆ, ನಮ್ಮನ್ನು ಗೋಡೆಯಾಚೆಯ ಗದ್ದಲವಾಗಿ ಮಾತ್ರ ಬಲ್ಲವರಾಗಿದ್ದರು. ಆದರೆ ಹಳೆಯ ಕೀರ್ತನೆಗಳ ಆ ಸಭೆಗೆ ಡ್ರಮ್ಮೆಂದರೆ ಆಗದು. ಸಭೆಯ ಹಿರಿಯರಾದ ಸತ್ಯಮಿತ್ರ ಮೇಷ್ಟ್ರಂತೂ, ಬಸ್ಸಿನ ಕಂಡಕ್ಟರು ಊರ ಹೆಸರು ಕೂಗುವ ವೇಗದಲ್ಲಿ ದೇವರ ವಾಕ್ಯ ಹೇಳುವುದು ಎಲ್ಲಿಯ ಭಕ್ತಿ ಎಂದು ಕೇಳುತ್ತಿದ್ದರು. ಜಯರಾಜ ವರ್ಷವರ್ಷವೂ ಕೇಳುತ್ತಿದ್ದ, ಅವರು ವರ್ಷವರ್ಷವೂ ನೋಡೋಣ ಎನ್ನುತ್ತಿದ್ದರು.

ಹೊಸ ಶತಮಾನ ಬಂದ ಮೇಲೆ, ಸಭೆಯ ಜುಬಿಲಿ ಹತ್ತಿರವಾದಾಗ, ಮೇಷ್ಟ್ರು ಒಂದು ಭಾನುವಾರ ತಾವೇ ಅಭ್ಯಾಸದ ಕೋಣೆಗೆ ಬಂದರು. ಮೊಮ್ಮಕ್ಕಳ ಕಾಟಕ್ಕೆ ನಮ್ಮ ಕ್ಯಾಸೆಟ್ ಕೇಳಿದ್ದರಂತೆ. “ಹಾಡು ಮೂರು ಸಲ ಮುಗಿಯುತ್ತಲ್ಲ, ತಂದೆ, ಮಗ, ಪವಿತ್ರಾತ್ಮ! ಬಹಳ ಆಳವಾಗಿ ಯೋಚಿಸಿದ್ದೀರಿ” ಎಂದು ನನ್ನ ಬೆನ್ನು ತಟ್ಟಿದರು. ನಾನು ಮನಸ್ಸಿನಲ್ಲೇ ನನ್ನ ಮೃದಂಗದ ಗುರುಗಳಿಗೆ ಕೈಮುಗಿದೆ. ಜುಬಿಲಿಯ ಆರಾಧನೆಯಲ್ಲಿ ನಾವು ಹಾಡುವುದೆಂದು ನಿಶ್ಚಯವಾಯಿತು. ಬಾಗಿಲ ಬಳಿ ನಿಂತಿದ್ದ ಜಯರಾಜನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಟೀ ತರಲು ಒಳಗೆ ಹೋದರು.

ಅಭ್ಯಾಸದ ಬೆವರಿಗೆ ನನ್ನ ಹಣೆಯ ಕುಂಕುಮ ಅಳಿಸಿಹೋಗಿತ್ತು. ಟೀ ಕುಡಿಯುತ್ತ ಮೇಷ್ಟ್ರು ನನ್ನನ್ನು ವಿಚಾರಿಸಿದರು: “ತಾವು ಯಾವ ಸಭೆಯವರು?”

ಹೆಸರು ಶ್ರೀನಿವಾಸಮೂರ್ತಿ ಎಂದೆ. ಮೇಷ್ಟ್ರು ಲೋಟ ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ, ಮುಜುಗರದಿಂದಲೇ ಹೇಳಿದರು. ಆರಾಧನೆಯ ವೇಳೆ ವೇದಿಕೆಯ ಮೇಲೆ ಸಭೆಯವರೇ ಇರಬೇಕೆಂಬುದು ಹಿಂದಿನಿಂದ ಬಂದ ಪದ್ಧತಿ. ಆಮೇಲೆ ದಾರಿಯೊಂದು ಹೊಳೆದವರಂತೆ ಜಯರಾಜನ ಕಡೆ ತಿರುಗಿದರು: “ಅಷ್ಟು ವರ್ಷದಿಂದ ನಿಮ್ಮ ಜೊತೇಲೇ ಇದ್ದಾರೆ, ಪ್ರಾರ್ಥನೇಲೂ ಸೇರ್ತಾರೆ. ದೀಕ್ಷಾಸ್ನಾನ ತಗೊಂಡುಬಿಟ್ರೆ ಏನೂ ತೊಂದ್ರೆ ಇಲ್ಲ. ನೀನೇ ಕೇಳಿ ನೋಡಪ್ಪ, ಜುಬಿಲಿಗೆ ಇನ್ನೂ ಟೈಮಿದೆ.”

ನಾನು ಅವಸರದಿಂದ, ತಾಳ ಕೀಬೋರ್ಡಿನಲ್ಲೇ ಬರುತ್ತದೆ, ನಾನು ಕೆಳಗೆ ಕೂತು ಕೇಳುತ್ತೇನೆ ಎಂದೆ. ನೀನಿಲ್ಲದೆ ಬೇಡವೆಂದು ಗೆಳೆಯ ಅನ್ನಲಿ ಎಂಬ ಆಸೆ ನನಗಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಜಯರಾಜ ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನ ಮುಖ ಕೆಂಪಾಗಿತ್ತು.

“ಅದನ್ನ ಹಂಗೆಲ್ಲ ಕೇಳ್ಬಾರ್ದು ಸರ್” ಎಂದ. “ಇವ್ನು ಇಲ್ದೆ ನಾವು ಬರಲ್ಲ. ಇವ್ನನ್ನ ಅದಕ್ಕೋಸ್ಕರ ಕೇಳೋದೂ ಇಲ್ಲ. ಬುಟ್ಬುಡಿ.”

ಜುಬಿಲಿಯಲ್ಲಿ ಬ್ಯಾಂಡ್‌ಸೆಟ್ಟಿನವರು ಬಾರಿಸಿದರು. ಜಯರಾಜ ತಾಯಿಯ ಪಕ್ಕದಲ್ಲಿ ಕೂತು ಹಳೆಯ ಕೀರ್ತನೆ ಹಾಡಿ ಬಂದ. ಮರುವರ್ಷವೇ ತಂಡ ಮುಗಿಯಿತು, ಜಗಳವಿಲ್ಲದೆ, ಸಾಮಾನ್ಯ ಕಾರಣಗಳಿಗೆ: ಶೀಲಾ ಮದುವೆಯಾಗಿ ಕೋಲಾರಕ್ಕೆ ಹೋದಳು, ಪ್ರೇಮನಿಗೆ ರಾತ್ರಿ ಪಾಳಿ ಬಿತ್ತು, ಡ್ರಮ್ಸ್ ಯಾವುದೋ ಆರ್ಕೆಸ್ಟ್ರಾದವರ ಪಾಲಾಯಿತು. ಆ ತಾಯಿ ನಮ್ಮ ಹಾಡನ್ನು ವೇದಿಕೆಯ ಮೇಲೆ ಕೊನೆಗೂ ನೋಡಲಿಲ್ಲ. ಅವರು ತೀರಿಕೊಂಡಾಗ ನನ್ನನ್ನು ಕಾಡಿದ್ದು ಅದೇ.

ಅದಾದ ಮೇಲೆ ಒಮ್ಮೆ ಕುಣಿಗಲ್ಲಿನಲ್ಲಿ ಗೆಳೆಯನೊಬ್ಬನ ಮದುವೆ ಮುಗಿಸಿಕೊಂಡು ನಾನೂ ಜಯರಾಜನೂ ಜಯರಾಜನ ಬೈಕಿನಲ್ಲಿ ಹಿಂದಿರುಗುತ್ತಿದ್ದೆವು. ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಹಿಂದಿನ ಸೀಟಿನಿಂದ ಕೇಳಿಯೇಬಿಟ್ಟೆ: ಅಂದು ಮೇಷ್ಟ್ರ ಮಾತಿಗೆ ಅಷ್ಟು ಸಿಟ್ಟೇಕೆ ಬಂತು, ನಾನು ಸಭೆಗೆ ಸೇರುವುದು ನಿನಗೆ ಅಷ್ಟು ಬೇಡವಾಗಿತ್ತೇ?

ಜಯರಾಜ ಬೈಕಿನ ವೇಗ ತಗ್ಗಿಸಿದ.

“ಬೇಡ್ವಾಗಿತ್ತಾ? ಏನ್ಲಾ ಹಿಂಗಂತೀಯ. ನೀನು ಡ್ರಮ್ಮಿಗೆ ಕೂತ ವರ್ಷದಿಂದ ದಿನಾ ಬೆಳಿಗ್ಗೆ ಪ್ರಾರ್ಥನೇಲಿ ನಿನ್ನ ಹೆಸ್ರು ಹೇಳಿ ಅದನ್ನೇ ಕೇಳ್ಕೊಂತಿದೀನಿ ಕಣೋ. ಆದ್ರೆ ನೀನು ಬಂದ್ರೆ ದೇವ್ರಿಗೋಸ್ಕರ ಬರ್ಬೇಕು. ನನ್ನ ಪ್ರೋಗ್ರಾಮಿಗೋಸ್ಕರ ಬಂದ್ರೆ ನಾಳೆ ನಾನು ಆತನ ಮುಂದೆ ಏನಂತ ಮಂಡಿ ಊರ್ಲಿ?”

ನಾನು ಬರುವವನಲ್ಲವೆಂದು ಅವನಿಗೆ ಗೊತ್ತು. ಇಂದಿಗೂ ನನ್ನ ಮನೆಯ ದೀಪ ನನ್ನ ಮನೆಯಲ್ಲೇ ಉರಿಯುತ್ತಿದೆ. ಒಬ್ಬ ಮನುಷ್ಯ ವರ್ಷಗಟ್ಟಲೆ ಬೇಡಿಕೊಂಡದ್ದು, ಅವನ ತಾಯಿ ಆಸೆಪಟ್ಟದ್ದು, ಎರಡೂ ಒಂದೇ ಬಾಗಿಲಿನಿಂದ ಒಳಗೆ ಬರಲು ಸಿದ್ಧವಾಗಿ ನಿಂತಿದ್ದಾಗ, ಅವನು ತಾನೇ ಎದ್ದು ಆ ಬಾಗಿಲು ಹಾಕಿದ್ದ.

“ಈಗ್ಲೂ ನನ್ನ ಹೆಸ್ರು ಹೇಳ್ತೀಯಾ?” ಎಂದು ಅವನ ಕಿವಿಯ ಹತ್ತಿರ ಬಾಗಿ ಕೇಳಿದೆ.

“ಹೇಳ್ದೆ? ಇವತ್ತೂ ಹೇಳೇ ಬಂದಿರಾದು” ಎಂದು, ಮುಂದೆ ಹಂಪು ಇದೆ, ಗಟ್ಟಿಯಾಗಿ ಹಿಡ್ಕೋ ಎಂದ. ನಾನು ಅವನ ಭುಜ ಹಿಡಿದುಕೊಂಡೆ.