ಎರಡು ಸಲ ಹಿಂತಿರುಗಿ ನೋಡಿದ್ದು

೧೯೬೩ರ ಆಗಸ್ಟ್ ೧೮, ಭಾನುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಹೆಬ್ಬಾಳದ ಒಂದು ಹಾಲ್‌ನಲ್ಲಿ ಇಂಗ್ಲೆಂಡಿನ ಪತ್ತೇದಾರಿ ಚಿತ್ರ ಶುರುವಾಯಿತು. ಪ್ರೊಜೆಕ್ಟರ್ ಒಂದೇ, ಆದ್ದರಿಂದ ರೀಲು ಬದಲಿಸುವಾಗ ದೀಪ ಹಾಕುತ್ತಿದ್ದರು. ಮೂರು ಸಲ ದೀಪ ಬಂತು, ಮೂರು ಸಲವೂ ಚೀಟಿಯಲ್ಲಿ ಗೀಚಿಕೊಂಡೆ. ಫಿಲ್ಮ್ ಸೊಸೈಟಿಯ ಪತ್ರಿಕೆಗೆ ಲೇಖನ ಕೊಡಲು ಒಪ್ಪಿದ್ದೆ. ನನಗಾಗ ಹತ್ತೊಂಬತ್ತು.

ಚಿತ್ರದಲ್ಲಿ ಸಾಲು ಇಟ್ಟಿಗೆ ಮನೆಗಳು, ಬೀದಿಗೆ ಅಡ್ಡಲಾಗಿ ಒಣಹಾಕಿದ ಬಟ್ಟೆ. ಕಳ್ಳ ಒಬ್ಬ ಲಾರಿ ಡ್ರೈವರ್. ಕೆಟ್ಟವನೆಂದು ಅನ್ನಿಸುವುದೇ ಇಲ್ಲ. ಮಗಳ ಶೂಗೆ ಲೇಸು ಕಟ್ಟಿ ಕೆಲಸಕ್ಕೆ ಹೊರಡುತ್ತಾನೆ. ಕ್ಯಾಮೆರಾ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಸಂಗೀತವಿಲ್ಲ, ನೀರು ಕುದಿಯುವ ಸದ್ದು ಮಾತ್ರ. ಬಾಗಿಲಲ್ಲಿ ಅವನು ಎರಡು ಸಲ ಹಿಂತಿರುಗಿ ನೋಡುತ್ತಾನೆ. ನಮಗೆ ಅನುಮಾನ ಹುಟ್ಟುವುದೇ ಅಲ್ಲಿ.

ಆ ಶೈಲಿ ಕೈಗೆ ಹತ್ತಲೆಂದು ನಮ್ಮ ಗಂಗಾನಗರದ ಬೀದಿಯನ್ನೇ ಹಾಗೆ ಬರೆಯತೊಡಗಿದೆ. ಹಗಲು ಚೀಟಿ, ಮರುಬೆಳಗ್ಗೆ ದಿನಚರಿಗೆ ನಕಲು, ಆಮೇಲೆ ಚೀಟಿಗಳೆಲ್ಲ ಬಚ್ಚಲ ಒಲೆಗೆ. ಮಂಗಳವಾರದ್ದು ಹದಿನಾಲ್ಕು ಚೀಟಿ.

ಗುರುವಾರ ಬೆಳಗ್ಗೆ ಎಂಟೂವರೆಗೆ ಸಬ್‌ಇನ್‌ಸ್ಪೆಕ್ಟರ್ ಬಂದರು. ಪಕ್ಕದ ಮನೆಯ ಮಾಮ ಯಶವಂತಪುರದ ಒಂದು ಬಟ್ಟೆ ಗೋದಾಮಿನಲ್ಲಿ ಗುಮಾಸ್ತರು. ಮಂಗಳವಾರ ಅಲ್ಲಿ ಬಟ್ಟೆ ಕಾಣೆಯಾಗಿತ್ತು. ಏನಾದರೂ ಕಂಡಿರಾ ಎಂದು ನಮ್ಮನ್ನೂ ಕೇಳಿದರು.

"ನಮ್ಮುಡುಗಿ ಎಲ್ಲಾ ಬರ್ದಿಡ್ತಾಳೆ ಸಾರ್," ಎಂದುಬಿಟ್ಟರು ಅಪ್ಪ, ಹೆಮ್ಮೆಯಿಂದ. "ಕಾಗೆ ಬಂದು ಕೂತ್ರೂ ಟೈಮ್ ಹಾಕ್ತಾಳೆ."

ಇನ್‌ಸ್ಪೆಕ್ಟರ್ ದಿನಚರಿ ತೆರೆದು, ಮಾಮನಿಗೂ ಕೇಳಿಸುವಂತೆ ಓದಿದರು. "ಸಂಜೆ ೫.೪೦. ಪಕ್ಕದ ಮನೆಯವರು ಸೈಕಲ್ ಹಿಂದೆ ಗಂಟು ಕಟ್ಟಿಕೊಂಡು ಬಂದರು. ಬಾಗಿಲಲ್ಲಿ ನಿಂತು ಎರಡು ಸಲ ಹಿಂತಿರುಗಿ ನೋಡಿದರು."

ಪಕ್ಕದ ಜಗಲಿಯ ಮೇಲೆ ಅಂಗಿಯ ಗುಂಡಿ ಹಾಕುತ್ತಿದ್ದ ಮಾಮನ ಕೈ ನಿಂತಿತು.

"ಯಾಕ್ರೀ ನೋಡಿದ್ರಿ?"

"ನಾನೆಲ್ಲಿ ನೋಡ್ದೆ ಸಾರ್? ಗಂಟಲ್ಲಿದ್ದಿದ್ದು ನಮ್ಮತ್ತೆ ಹಳೇ ಸೀರೆ, ಕೌದಿ ಹೊಲ್ಸೋಕೆ."

"ತೋರ್ಸಿ."

"ನಿನ್ನೇನೇ ಚಿಕ್ಕಜಾಲದಲ್ಲಿ ಹೊಲಿಯೋರ್ಗೆ ಕಳ್ಸಾಯ್ತು."

"ಅಷ್ಟ್ ಬೇಗ?"

ಮಾಮ ನನ್ನ ಕಡೆ ನೋಡಿದರು.

"ಅದು ನಾನು ಸೇರ್ಸಿದ್ದು ಸಾರ್," ಎಂದೆ. "ಹಿಂತಿರುಗಿ ನೋಡಿದ್ದು ಸಿನಿಮಾದಲ್ಲಿ. ನನ್ನ ಚೀಟಿಲಿ ಬರೀ ಗಂಟು ಅಂತಿತ್ತು."

"ಚೀಟಿ ತಾಮ್ಮ, ನೋಡೋಣ."

"ಸುಟ್ಟಾಯ್ತು."

"ತಲೆ ಕೆಟ್ಟಿದ್ಯೇನೇ?" ಎಂದರು ಅಪ್ಪ.

ಇನ್‌ಸ್ಪೆಕ್ಟರ್ ನಕ್ಕರು. "ಸೀರೆ ಚಿಕ್ಕಜಾಲಕ್ಕೆ, ಚೀಟಿ ಒಲೆಗೆ. ಒಳ್ಳೆ ಬೀದಿ ಕಣ್ರೀ ನಿಮ್ದು!"

ಆ ಸಾಲಿನ ಕೆಳಗೆ "ಇದು ನಾನು ಕಂಡದ್ದಲ್ಲ" ಎಂದು ಬರೆದು ಸಹಿ ಹಾಕಿದೆ. ೯.೦೫. ಅವರು ದಿನಚರಿ ತೆಗೆದುಕೊಂಡು ಮಾಮನನ್ನೂ ಕರೆದೊಯ್ದರು. ಮಾಮ ಸಂಜೆ ವಾಪಸು ಬಂದರು, ಠಾಣೆಯವರು ಕೇಸು ಹಾಕಲಿಲ್ಲ. ಆದರೆ ಗೋದಾಮಿನ ಯಜಮಾನರಿಗೆ ಆ ಸಾಲಿನ ಸುದ್ದಿ ಮುಟ್ಟಿತ್ತು. ಕೆಲಸ ಹೋಯಿತು. ೩೧ನೇ ತಾರೀಖು, ಶನಿವಾರ, ಒಂದು ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಮನೆ ಖಾಲಿ ಮಾಡಿದರು. ಮಾಮನ ಹೆಂಡತಿ ನಮ್ಮ ಮನೆಗೆ ಹೇಳಿ ಹೋಗಲಿಲ್ಲ.

ಲೇಖನ ಬರೆಯಲು ಕೂತೆ. ಬೀದಿ, ಅಡುಗೆಮನೆ, ಡ್ರೈವರನ ಸ್ವಭಾವ, ಎಲ್ಲ ಬಂತು. ಆ ಹಿಂತಿರುಗುವ ನೋಟದ ಹತ್ತಿರ ಪೆನ್ನು ನಿಂತಿತು. ಲೇಖನ ಕೊಡಲೇ ಇಲ್ಲ.

ಗಂಟಿನಲ್ಲಿ ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಆ ವಾರ ಚಿಕ್ಕಜಾಲದಲ್ಲಿ ಗಂಗಾನಗರದಿಂದ ಬಂದ ಹಳೇ ಸೀರೆಗೆ ಸೂಜಿ ಹಾಕಿದವರು, ಅಥವಾ ಆ ಮನೆಯವರು ಆಮೇಲೆ ಎಲ್ಲಿ ನೆಲೆಸಿದರೆಂದು ಬಲ್ಲವರು ಇದನ್ನು ಓದಿದರೆ, ಒಂದು ಕಾರ್ಡು ಹಾಕಿ. ಕಂಡಷ್ಟನ್ನು ಮಾತ್ರ ಬರೆಯಿರಿ.